ರಾಕ್ಷಸಿಯ ಸೀರೆ ಯಾವ ಬಣ್ಣ?

ಹೋದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಭಾವ ಎರ್ರಿಸ್ವಾಮಿ ಮಗಳ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬೀದಿಗೆ ನಡೆದರು. ಬಿಸಿಲಲ್ಲಿ ನಿಂತರು. ಪರದೆಯನ್ನು ಒಮ್ಮೆ ಎಡಕ್ಕೆ ವಾಲಿಸಿದರು, ಒಮ್ಮೆ ಬಲಕ್ಕೆ. ಕಣ್ಣು ಕಿರಿದು ಮಾಡಿದರು.

"ಅಪ್ಪ, ಅದನ್ನ ಬಿಸಿಲಾಗ ನೋಡಬಾರ್ದು," ಒಳಗಿನಿಂದ ಮಮತಾ ಕೂಗಿದಳು.

"ಶೇಡ್ ನೋಡಾಕ ಮತ್ತೆಲ್ಲಿಗೆ ಒಯ್ಯಲಿ?" ಎಂದರು ಭಾವ.

ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಲ್ಯಾಪ್‌ಟಾಪಿಗೆ ನೀರು ಬಿದ್ದಿದೆ, ಒಣಗಿಸುತ್ತಿದ್ದಾರೆ ಎಂದು ಅವರ ಲೆಕ್ಕ. (ಒದ್ದೆ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವ ನಾನು ಅವರನ್ನು ನೋಡಿ ನಗುವ ಹಾಗಿಲ್ಲ.)

ಭಾವನ ಬಗ್ಗೆ ಒಂದು ಮಾತು. ರಾಯದುರ್ಗದ ಒಂದು ಜೀನ್ಸ್ ಯುನಿಟ್ಟಿನಲ್ಲಿ ಅವರಿಗೆ ಶೇಡ್ ನೋಡುವ ಕೆಲಸ. ಒಂದೇ ಪ್ಯಾಂಟಿನ ಎರಡು ಕಾಲು ಕೆಲವೊಮ್ಮೆ ಎರಡು ಬೇರೆ ಥಾನಿನ, ಅಂದರೆ ಬೇರೆ ಸುರುಳಿಯ, ಬಟ್ಟೆಯಿಂದ ಬಂದಿರುತ್ತವೆ. ಹೊಲಿಯುವಾಗ ಒಂದೇ ಬಣ್ಣ. ವಾಷ್ ಆಗಿ ಬಂದ ಮೇಲೆ ಒಂದು ಕಾಲು ನೀಲಿ, ಇನ್ನೊಂದು ಅದಕ್ಕಿಂತ ಕೂದಲೆಳೆಯಷ್ಟು ಬೂದು. ಅದನ್ನು ಹಿಡಿಯುವವರು ಭಾವ. ಟ್ಯೂಬ್‌ಲೈಟಿನ ಕೆಳಗೆ ಅವರು ಏನನ್ನೂ ಪಾಸು ಮಾಡುವುದಿಲ್ಲ. ಪೀಸನ್ನು ಬಾಗಿಲಾಚೆ ಒಯ್ಯಬೇಕು, ಬಿಸಿಲಿಗೆ ಹಿಡಿಯಬೇಕು, ಆಮೇಲೆ ಮಾತು. ಇಪ್ಪತ್ತು ವರ್ಷದ ಅಭ್ಯಾಸ. ಮಗಳು, "ಅಪ್ಪ, ಇದರ ಬಣ್ಣ ಹೆಂಗೈತಿ ನೋಡು" ಎಂದಳು. ಅವರು ಎತ್ತಿಕೊಂಡು ಹೊರಗೆ ಹೋದರು. ಇನ್ನೇನು ಮಾಡಬೇಕಿತ್ತು?

ಇನ್ನು ಮಮತಾ. ನನ್ನ ಅಕ್ಕನ ಮಗಳು, ಇಪ್ಪತ್ನಾಲ್ಕು ವರ್ಷ. ಅದೇ ಯುನಿಟ್ಟಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಜೀನ್ಸಿನ ಹಿಂಜೇಬಿನ ಕಸೂತಿಗೆ ಹೂವು, ಬಳ್ಳಿ, ಹದ್ದು ಬರೆಯುತ್ತಾಳೆ. ಮನೆಗೆ ಬಂದರೆ ಕೋಟೆ, ಕತ್ತಿ, ರಾಕ್ಷಸರು. ಫ್ಯಾಂಟಸಿ ವಿಡಿಯೋ ಗೇಮುಗಳಿಗೆ ಚಿತ್ರ ಬರೆಯಬೇಕೆಂಬುದು ಅವಳ ಆಸೆ. ಎರಡು ಕಂಪನಿಗಳು ಬೇಡವೆಂದಿವೆ. ಮೂರನೆಯದು ಮೊಬೈಲ್ ಗೇಮ್ ಮಾಡುವ ಒಂದು ಸಣ್ಣ ಸ್ಟುಡಿಯೋ. ಅವರ ಪರೀಕ್ಷೆ ಇಷ್ಟೇ: ಒಂದು ಕೋಟೆ ಬರೆಯಿರಿ, ನೋಡಿದವರಿಗೆ ಭಯ ಆಗಬೇಕು, ಸ್ಟೈಲ್ ನಿಮ್ಮಿಷ್ಟ. ಒಂದೇ ಚಿತ್ರ. ಭಾನುವಾರ ಸಂಜೆ ಆರರೊಳಗೆ.

"ಇದೂ ಹೋದ್ರ ಹಿಂಜೇಬಿನ ಹೂವ ಗತಿ ಮಾಮ," ಎಂದಿದ್ದಳು ಫೋನಿನಲ್ಲಿ. ನಗುತ್ತಲೇ ಹೇಳಿದಳು.

ಈಗ ನನ್ನ ತಪ್ಪಿಗೆ ಬರೋಣ.

ಫ್ಯಾಂಟಸಿ ಗೇಮುಗಳಲ್ಲಿ ಎರಡು ಪಕ್ಷಗಳಿವೆಯಂತೆ. ಒಂದು ಕತ್ತಲೆಯ ಪಕ್ಷ. ಅಲ್ಲಿ ಸದಾ ಮಳೆ, ಬೂದಿ, ತುಕ್ಕು ಹಿಡಿದ ಕತ್ತಿ, ಹತ್ತು ದಿನ ಊಟ ಕಾಣದ ಮುಖಗಳು. ಇನ್ನೊಂದು ಬಣ್ಣದ ಪಕ್ಷ. ಗುಲಾಬಿ ಮರ, ಉಂಡೆ ಬೆಟ್ಟ, ಕೆನ್ನೆ ಉಬ್ಬಿದ ರಾಕ್ಷಸ. ಕತ್ತಲೆಯವರು ಬಣ್ಣದವರನ್ನು ಚಿಕ್ಕ ಮಕ್ಕಳು ಎನ್ನುತ್ತಾರೆ. ಬಣ್ಣದವರು ಕತ್ತಲೆಯವರಿಗೆ, ಮೊದಲು ಮನೆಗೆ ಒಂದು ಬಲ್ಬು ಹಾಕಿಸಿ ಎನ್ನುತ್ತಾರೆ. ಇದೆಲ್ಲ ಇಂಟರ್ನೆಟ್ಟಿನಲ್ಲಿ ವರ್ಷಗಳಿಂದ ನಡೆದಿದೆ. ಒಂದು ಗೇಮನ್ನೂ ಆಡದೆ ನಾನು ಕತ್ತಲೆಯ ಪಕ್ಷ ಸೇರಿಬಿಟ್ಟೆ. ಸೇರದೆ ಇರಲಾದೀತೆ? ನನ್ನ ಮೂರೂ ಕಥಾಸಂಕಲನಗಳ ಮುಖಪುಟ ಕಪ್ಪು. ಕಪ್ಪು ಎಂದರೆ ಗಂಭೀರ, ಬಣ್ಣ ಎಂದರೆ ಕ್ಯಾಲೆಂಡರ್ ಎಂದು ನಂಬಿಕೊಂಡು ಬಂದ ತಲೆಮಾರು ನನ್ನದು.

ಹಾಗಾಗಿ ಮಮತಾ ಸಲಹೆ ಕೇಳಿದಾಗ ನನ್ನ ಬಾಲ್ಯವನ್ನೇ ತೆಗೆದುಕೊಟ್ಟೆ. ಏಳನೇ ವಯಸ್ಸಿನಲ್ಲಿ ತಪ್ಪಿಸಿಕೊಂಡ ಆಡನ್ನು ಹುಡುಕುತ್ತಾ ಒಬ್ಬನೇ ರಾಯದುರ್ಗದ ಕೋಟೆಬೆಟ್ಟ ಹತ್ತಿದ್ದು, ಕೋಟೆ ಬಾಗಿಲೊಳಗಿನ ಗವ್ವೆನ್ನುವ ಕತ್ತಲೆ, ಬಾವಲಿ ವಾಸನೆ, ನಾನು ಓಡಿ ಬಂದದ್ದು. ಹುಡುಗಿ ಮೂರು ವಾರ ಕೂತು ಅದನ್ನೇ ಬರೆದಳು. ಕಪ್ಪು ಬೆಟ್ಟ, ಕಪ್ಪು ಬಾಗಿಲು, ಅದರೊಳಗೆ ಇನ್ನೂ ಕಪ್ಪಾದ ಏನೋ ಒಂದು.

ಶನಿವಾರ ಮಡಕಶಿರಾದಿಂದ ಬಸ್ಸು ಹಿಡಿದು ರಾಯದುರ್ಗಕ್ಕೆ ಬಂದೆ. ಚಿತ್ರ ನೋಡಿದೆ. ಹೆಮ್ಮೆಯಾಯಿತು. ಮಡಕಶಿರಾದಲ್ಲಿ ತವರಿನವರ ಹಿಪ್ಪುನೇರಳೆ ತೋಟದಲ್ಲಿದ್ದ ಹೆಂಡತಿಗೆ ತಕ್ಷಣ ಕಳಿಸಿದೆ. ಎರಡು ನಿಮಿಷಕ್ಕೆ ಅವಳ ಫೋನ್ ಬಂತು.

"ಫೋಟೋ ಬಂದಿಲ್ಲ ಕಣ್ರೀ. ಬರೀ ಕರ್ರಗೈತೆ. ಇನ್ನೊಂದ್ಸಲ ಕಳ್ಸಿ."

ಇನ್ನೊಂದು ಸಲ ಕಳಿಸಿದೆ.

"ಈಗ್ಲೂ ಹಂಗೇ ಐತೆ. ಆ ಮಗಾ ಅಷ್ಟು ಕಷ್ಟಪಟ್ಟೈತೆ, ಸರ್ಯಾಗಿ ಕಳ್ಸಬಾರ್ದಾ?"

ತೋಟದಲ್ಲಿ ಬಿಸಿಲು ಜಾಸ್ತಿ, ಮನೆಯೊಳಗೆ ಹೋಗಿ ನೋಡು ಎಂದೆ. ಸೊಪ್ಪು ಕೊಯ್ಯುವುದು ಬಿಟ್ಟು ಚಿತ್ರ ನೋಡಲು ಮನೆಗೆ ಹೋಗಬೇಕೇ ಎಂದು ಕೇಳಿದಳು. ಆಗಲೇ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ.

ಮರುದಿನ ಬೀದಿಯಲ್ಲಿ ನಿಂತ ಭಾವನಿಗೆ ಅರ್ಥವಾಯಿತು.

"ಇದರಾಗ ನಾನ ಕಾಣ್ತೀನಲ್ಲಬೇ," ಎಂದರು, ಪರದೆಯಲ್ಲಿ ಮೀಸೆ ನೋಡಿಕೊಳ್ಳುತ್ತಾ. "ಕೋಟಿ ಎಲ್ಲೈತಿ?"

ಮಮತಾ ಹೊರಗೆ ಬಂದಳು. "ಹೇಳಿದ್ನಲ್ಲಪ್ಪ. ಇದನ್ನ ಕತ್ತಲು ರೂಮಿನಾಗ ಕುಂತು ನೋಡಬೇಕು."

"ನಮ್ಮನ್ಯಾಗ ಕತ್ತಲು ರೂಮು ಯಾವುದು?"

ಮನೆಯಲ್ಲಿ ಇರುವುದೇ ಒಂದೂವರೆ ಕೋಣೆ. ಬಾಗಿಲು ಹಾಕಿದರೆ ಅಕ್ಕನಿಗೆ ಒಲೆಯ ಮುಂದೆ ಉಸಿರು ಕಟ್ಟುತ್ತದೆ.

"ಈ ಗೇಮು ಆಡೋರು ಯಾರು? ಎಲ್ಲಿ ಕುಂತು ಆಡ್ತಾರ?" ಭಾವನಿಗೆ ತಮಾಷೆ ಬೇಕಿರಲಿಲ್ಲ. ಮಾಲು ತಗೊಳ್ಳುವ ಪಾರ್ಟಿಯ ಬಗ್ಗೆ ಕೇಳುವ ಧಾಟಿಯಲ್ಲೇ ಕೇಳಿದರು.

ಮಮತಾ ಯೋಚಿಸಿದಳು. ಅವಳ ಯುನಿಟ್ಟಿನ ಹುಡುಗಿಯರು ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಆಡುತ್ತಾರೆ, ಒಂದು ಅಂಗೈಯನ್ನು ಫೋನಿಗೆ ಚಪ್ಪರ ಮಾಡಿಕೊಂಡು. ಕಣೇಕಲ್ಲಿನಿಂದ ಕೆಲಸಕ್ಕೆ ಬರುವವಳು ಬಸ್ಸಿನ ಕಿಟಕಿಯ ಪಕ್ಕ ಆಡುತ್ತಾಳೆ. ಪರದೆ ಒಡೆದಿರುತ್ತದೆ, ಬ್ರೈಟ್‌ನೆಸ್ ಪೂರ್ತಿ ಏರಿಸಿರುತ್ತಾರೆ. ಕತ್ತಲೆಯನ್ನು ಆಸ್ವಾದಿಸಲು ಕಿಟಕಿಗೆ ಪರದೆ ಎಳೆದ ಕೋಣೆ ಬೇಕು, ದೊಡ್ಡ ಮಾನಿಟರ್ ಬೇಕು, ಯಾರೂ ಕರೆಯದ ಎರಡು ತಾಸು ಬೇಕು. ಇಷ್ಟೆಲ್ಲ ಇರುವವರಿಗೆ ಕತ್ತಲೆ ಒಂದು ಸ್ಟೈಲ್. ನನ್ನ ಕಪ್ಪು ಪುಸ್ತಕಗಳನ್ನು ಓದುತ್ತಿದ್ದವರು ಎಲ್ಲಿ ಕೂತು ಓದುತ್ತಿದ್ದರು? ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಆದರೂ ಸುಮ್ಮನಿರಲಿಲ್ಲ. "ಚಿತ್ರ ನನ್ನ ಅನುಭವದಿಂದ ಬಂದದ್ದು ಭಾವ, ಅದರಲ್ಲಿ ಸತ್ಯ ಇದೆ," ಎಂದೆ.

"ಯಾವ ಅನುಭವ?" ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕನ ದನಿ.

ಆಡು, ಬೆಟ್ಟ, ಕತ್ತಲೆ ಎಂದು ಹೇಳಿದೆ. ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ನೀನೆಲ್ಲಿ ಹೋಗಿದ್ದಿ? ಹೋದಾಕಿ ನಾನು. ನೀನು ಜ್ವರ ಬಂದು ಮಲಗಿದ್ದಿ. ನಾ ಬಂದು ಹೇಳಿದ್ದನ್ನ ಕೇಳಿ ನಿಂದು ಅಂತ ಬರಕೊಂಡಿ."

ಅಲ್ಲ ಎನ್ನಲು ಬಾಯಿ ತೆರೆದೆ. ಬಾವಲಿ ವಾಸನೆ ಈಗಲೂ ಮೂಗಿನಲ್ಲಿದೆ. ಆದರೆ ಹತ್ತಿದ್ದು ನೆನಪಿಲ್ಲ. ಇಳಿದದ್ದು ನೆನಪಿಲ್ಲ. ಆಡು ಸಿಕ್ಕಿತೋ ಇಲ್ಲವೋ ಅದೂ ನೆನಪಿಲ್ಲ. ಹಿಂದುಮುಂದಿಲ್ಲದೆ ಕಥೆಯಂತೆ ಅಷ್ಟು ಚೊಕ್ಕಟವಾಗಿ ನಿಂತ ನೆನಪಿನ ಮೇಲೆ ಮೊದಲೇ ಅನುಮಾನ ಬರಬೇಕಿತ್ತು.

"ಕತ್ತಲಾಗ ಅಷ್ಟು ಹೆದರಿದ್ದ್ಯಾ ಅಮ್ಮ?" ಮಮತಾ ಕೇಳಿದಳು.

"ಯಾವ ಕತ್ತಲು? ಮಟಮಟ ಮಧ್ಯಾಹ್ನ. ಬಂಡೆ ಮ್ಯಾಲ ಒಂದು ಸೀರಿ ಒಣಹಾಕಿದ್ರು. ನಾಕು ಮೂಲಿಗೆ ನಾಕು ಕಲ್ಲು. ಇನ್ನಾ ಹಸಿ ಇತ್ತು, ನೀರು ಇಳೀತಿತ್ತು. ಸುತ್ತ ನೋಡಿದ್ರ ಯಾರೂ ಇಲ್ಲ. ಕರದೆ. ಯಾರೂ ಓ ಅನ್ನಲಿಲ್ಲ."

"ಅದರಾಗ ಹೆದರೋದೇನೈತಿ?" ಎಂದರು ಭಾವ.

"ಹಾಸಿದಾಕಿ ಎಲ್ಲಿ ಹೋದ್ಲು ಹೇಳ್ರಿ ಮತ್ತ?"

ಭಾವ ಪರದೆ ಬಿಟ್ಟು ಅಕ್ಕನ ಕಡೆ ತಿರುಗಿದರು.

"ಯಾವ ಬಣ್ಣದ ಸೀರಿ?" ಮಮತಾ ಆಗಲೇ ಲ್ಯಾಪ್‌ಟಾಪನ್ನು ಅಪ್ಪನ ಕೈಯಿಂದ ಕಿತ್ತುಕೊಂಡಿದ್ದಳು.

ಗಿಣಿಹಸಿರು, ಕೆಂಪು ಅಂಚು ಎಂದಳು ಅಕ್ಕ. ಎರಡು ರೊಟ್ಟಿ ಬೆಂದ ಮೇಲೆ, ಹಳದಿ ಇರಬೇಕು ಎಂದಳು. ಊಟಕ್ಕೆ ಕೂತಾಗ ಮತ್ತೆ ಹಸಿರಿಗೆ ಬಂದಳು. ಅಕ್ಕನ ನೆನಪನ್ನು ನಾನು ನನ್ನದಕ್ಕಿಂತ ಹೆಚ್ಚು ನಂಬಿದ್ದು ಇದೇ ಕಾರಣಕ್ಕೆ. ಅದು ನನ್ನದರ ಹಾಗೆ ಕಥೆಯಾಗಿ ಒಂದೆಡೆ ನಿಂತಿರಲಿಲ್ಲ; ಕತ್ತಲೆ, ಬಾವಲಿ ನಾನೇ ಸೇರಿಸಿದ್ದಿರಬೇಕು.

ಮಮತಾ ಹನ್ನೊಂದಕ್ಕೆ ಶುರು ಮಾಡಿದಳು. ನೀಲಿ ಆಕಾಶ, ಕಾವಲಿಯ ಹಾಗೆ ಕಾದ ಬಂಡೆಗಳು, ಕೋಟೆಗೋಡೆ, ಬಂಡೆಯ ಮೇಲೆ ಗಿಣಿಹಸಿರು ಸೀರೆ. ಚೆನ್ನಾಗಿತ್ತು. ಆದರೆ ಭಯವಾಗಲಿಲ್ಲ. ಯಾವುದೋ ಬಟ್ಟೆ ಅಂಗಡಿಯ ಕ್ಯಾಲೆಂಡರಿನ ಹಾಗಿತ್ತು. ನಾನು ಒಳಗೊಳಗೆ ಖುಷಿಪಟ್ಟೆ. (ಸುಳ್ಳು ಹೇಳಿ ಏನು ಪ್ರಯೋಜನ?)

ಎರಡು ಗಂಟೆಯ ಸುಮಾರಿಗೆ ಅವಳು ಸೀರೆಯ ಒಂದು ಮೂಲೆ ಹಿಡಿದು ಎಳೆದಳು. ಕಂಪ್ಯೂಟರಿನಲ್ಲಿ ಹಾಗೆ ಎಳೆಯಬಹುದು. ಸೀರೆ ದೊಡ್ಡದಾಯಿತು. ಇನ್ನೂ ಎಳೆದಳು. ಬಂಡೆ ದಾಟಿತು, ಬಾಗಿಲು ದಾಟಿತು, ಬೆಟ್ಟದ ಒಂದು ಮಗ್ಗುಲನ್ನೇ ಮುಚ್ಚಿತು. ನಾಲ್ಕು ಮೂಲೆಗೆ ಆನೆ ಗಾತ್ರದ ನಾಲ್ಕು ಕಲ್ಲುಗುಂಡುಗಳು. ಕೆಳಗೆ, ಕೋಟೆ ಬಾಗಿಲ ಹತ್ತಿರ, ಇರುವೆಯಷ್ಟು ಒಂದು ಹುಡುಗಿ.

"ಇದನ್ನ ಉಡಾಕಿ ಎಷ್ಟೆತ್ತರ ಇರಬೇಕು ಮಾಮ?"

ನಡು ಮಧ್ಯಾಹ್ನ, ಫ್ಯಾನು ತಿರುಗುತ್ತಿತ್ತು, ಪಕ್ಕದಲ್ಲಿ ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ನನ್ನ ತೋಳಿನ ಕೂದಲು ನಿಂತವು.

ನಾಲ್ಕೂವರೆಗೆ ಭಾವ ಮತ್ತೆ ಬೀದಿಗೆ ಒಯ್ದರು. ಈ ಸಲ ಮಸುಕಾದರೂ ಎಲ್ಲ ಕಾಣುತ್ತಿತ್ತು. ಬಹಳ ಹೊತ್ತು ನೋಡಿದರು.

"ಅಂಚಿನ ಶೇಡ್ ತಪ್ಪೈತಿ. ಮ್ಯಾಲಿಂದು ಒಂದು ಥಾನು, ಕೆಳಗಿಂದು ಒಂದು ಥಾನು."

"ಕೆಳಗಿಂದು ಇನ್ನಾ ಒಣಗಿಲ್ಲಪ್ಪ. ಈಗ ಹಾಸಿ ಹೋಗ್ಯಾಳ."

ಭಾವ ತಲೆಯಾಡಿಸಿ ಪಾಸು ಮಾಡಿದರು. ಪಾಸು ಮಾಡಿದ ಮೇಲೆ ಒಮ್ಮೆ ಬೆಟ್ಟದ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡೆ.

ಐದೂವರೆಗೆ ನಾನು ಕೊನೆಯ ಪ್ರಯತ್ನ ಮಾಡಿದೆ. ಮೂರು ವಾರದ ಕೆಲಸ ಒಂದು ಕಡೆ, ಆರು ತಾಸಿನ ಕೆಲಸ ಒಂದು ಕಡೆ. ಗೆರೆಗಳು ಇನ್ನೂ ಒರಟಾಗಿದ್ದವು. ಎರಡು ಸಲ ತಿರಸ್ಕಾರ ಕಂಡವಳು ಇಷ್ಟು ಧೈರ್ಯ ಮಾಡಬಹುದೇ? ಮಕ್ಕಳ ಪುಸ್ತಕದ ಚಿತ್ರ ಎಂದು ಬದಿಗಿಟ್ಟರೆ? ಕಪ್ಪು ಚಿತ್ರ ಕೆಟ್ಟದ್ದೇನಲ್ಲ, ಒಳ್ಳೆಯ ಪರದೆಯಲ್ಲಿ ಅದಕ್ಕೊಂದು ಆಳವಿದೆ, ಕಳಿಸಿದರೆ ನಾಚಿಕೆಪಡಬೇಕಿಲ್ಲ ಎಂದೆ.

ಮಮತಾ ಸಿಟ್ಟಾಗಲಿಲ್ಲ.

"ಮಾಮ, ಅದನ್ನ ಮೂರು ವಾರ ಬರದೀನಿ. ಒಂದು ದಿನಾನೂ ನನಗ ಹೆದರಿಕಿ ಆಗಿಲ್ಲ. ಇದನ್ನ ಬರೀವಾಗ ಎರಡು ಸಲ ಹೊಳ್ಳಿ ನೋಡೀನಿ, ಹಿಂದ ಯಾರರ ನಿಂತಾರೇನಂತ."

ಆರಕ್ಕೆ ಹತ್ತು ನಿಮಿಷ ಇರುವಾಗ ಹಸಿರು ಸೀರೆ ಹೋಯಿತು. ಅಕ್ಕ ಟೀ ತಂದಳು.

ಸೋಮವಾರ ನಾನು ಮಡಕಶಿರಾಕ್ಕೆ ಮರಳಿದೆ. ಬುಧವಾರ ಮಮತಾ ಫೋನ್ ಮಾಡಿದಳು. ತೆಗೆದುಕೊಂಡಿದ್ದಾರೆ. ಮೊದಲು ಮೂರು ತಿಂಗಳು, ಮನೆಯಿಂದಲೇ ಕೆಲಸ. ಆಮೇಲೆ ನೋಡೋಣ ಎಂದಿದ್ದಾರೆ. ಗೆರೆ ಒರಟು ಎಂದೂ ಹೇಳಿದ್ದಾರೆ, ಅದನ್ನು ನನಗೆ ಎರಡು ಸಲ ಹೇಳಿದಳು. ಭಾವ ಆ ದಿನ ಯುನಿಟ್ಟಿನಲ್ಲಿ ಎಲ್ಲರಿಗೂ ಟೀ ಕೊಡಿಸಿದರಂತೆ. ಯಾಕೆಂದು ಕೇಳಿದವರಿಗೆ, ಮಗಳದೊಂದು ಸೀರೆ ಪಾಸಾಯಿತು ಎಂದರಂತೆ.

"ಈಗ ಒಂದು ಕಷ್ಟ ಬಂದೈತಿ ಮಾಮ," ಎಂದಳು. "ಆ ಸೀರಿ ಉಡೋ ರಾಕ್ಷಸೀನ ಬರೀರಿ ಅಂದಾರ. ಮೊದಲನೇ ಕೆಲಸಾನ ಅದು. ಮುಖಕ್ಕ ಯಾವ ಬಣ್ಣ ಕೊಡ್ಲಿ? ಕರೇದು ಬ್ಯಾಡ. ಅದು ಬಿಟ್ಟು ಒಂದು ಹೇಳ್ರಿ, ನೋಡಿದ ಕೂಡ್ಲೆ ಜೀವ ಝಲ್ಲನ್ನಬೇಕು."

ನನಗೆ ಹೊಳೆಯಲಿಲ್ಲ. ಕಪ್ಪನ್ನು ತೆಗೆದುಬಿಟ್ಟರೆ ನನ್ನ ಪೆಟ್ಟಿಗೆಯಲ್ಲಿ ಭಯದ ಬಣ್ಣವೇ ಇಲ್ಲ. ಎರಡು ದಿನ ಟೈಮ್ ಕೊಡು ಎಂದು ಫೋನ್ ಇಟ್ಟೆ. ನಾಳೆ ಅವಳಿಗೆ ಉತ್ತರ ಹೇಳಬೇಕು.

ನೀವು ಹೇಳಿ: ಬದುಕಿನಲ್ಲಿ ನಿಜವಾಗಿ ಹೆದರಿದ ಆ ದಿನ, ನಿಮ್ಮ ಕಣ್ಣೆದುರಿಗೆ ಇದ್ದ ಬಣ್ಣ ಯಾವುದು?