ಮಿರ್ಚಿಯವರು ನೋಡಿದ ವರ

ಗಂಗಾವತಿಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಎದುರಿಗೇ, ಊರೆಲ್ಲ 'ಮಿರ್ಚಿಯವರು' ಎಂದು ಕರೆಯುತ್ತಿದ್ದವರ ಮಿರ್ಚಿ ಬಜ್ಜಿ ಹೋಟೆಲು. ಹುಡುಗರು ನನ್ನ ಕ್ಲಾಸು ತಪ್ಪಿಸಿದರೂ ಅವರ ಮಂಡಕ್ಕಿ ಒಗ್ಗರಣೆ ತಪ್ಪಿಸುತ್ತಿರಲಿಲ್ಲ. ಕಾದ ಎಣ್ಣೆಗೆ ಮಿರ್ಚಿ ಬಿಡುತ್ತಾ, ಜಾಲರಿ ಸೌಟನ್ನು ಕಾಲೇಜಿನ ಕಡೆ ಚಾಚಿ, "ಅಲ್ಲೇನ್ ಐತ್ರೋ? ನಾ ಏನ್ ಓದೀನಿ? ಮನಿ ಕಟ್ಟಿಲ್ಲೇನು, ಕಾರ್ ತಗೊಂಡಿಲ್ಲೇನು?" ಎನ್ನುವರು. ಅಲ್ಲೇ ನಾನು ತಿನ್ನುತ್ತಾ ಕೂತಿದ್ದರೆ, "ನಿಮಗ ಅಂದಿಲ್ರಿ ಸರ" ಎಂದು ತಟ್ಟೆಗೆ ಇನ್ನೊಂದು ಮಿರ್ಚಿ ಹಾಕುವರು. ಪಿಎಚ್‌ಡಿ ಮಾಡಿದ ನಾನು ಆ ಒಂದು ಮಿರ್ಚಿಗಾಗಿ ಆ ಮಾತನ್ನೂ ದಿನಾ ನುಂಗುತ್ತಿದ್ದೆ.

ಅವರ ಮಗಳನ್ನು ನೋಡಲು ತಾವರಗೇರಾದಿಂದ ಗಂಡಿನವರು ಬಂದರು. "ನಮ್ಮ ಕಡೆ ಓದಿದೋರು ಒಬ್ರು ಇರ್ಲಿ ಬರ್ರಿ" ಎಂದು ನನ್ನನ್ನೂ ಮನೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಹುಡುಗ ಲಕ್ಷಣವಾಗಿದ್ದ, ಮಾತೂ ಮೆತ್ತಗೆ.

"ಎಷ್ಟ್ ಓದೀರಿ?" ಎಂದು ಇವರು ಕೇಳಿದರು.

"ಎಸ್ಸೆಸ್ಸೆಲ್ಸಿ ಫೇಲ್ ರೀ. ನಿಮ್ಮಂಗ ಮಿರ್ಚಿ ಹೋಟೆಲ್ ಐತ್ರಿ. ಭಾಳ ಛಲೋ ನಡದೈತ್ರಿ" ಎಂದ ಹುಡುಗ.

ಬಂದವರು ಹೋದ ಮೇಲೆ ಇವರು ಗದ್ದ ತುರಿಸಿಕೊಂಡರು. ಆಮೇಲೆ ನನ್ನ ಕಡೆ ಬಾಗಿ, "ಹುಡುಗ ಛಲೋ ಅದಾನ್ರಿ ಸರ. ಆದ್ರ ಡಿಗ್ರಿ ಇಲ್ದವಗ ಮಗಳನ್ನ ಹೆಂಗ್ ಕೊಡೋದ್ರಿ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ, ಒಳಗೆ ತಟ್ಟೆ ತೊಳೆಯುತ್ತಿದ್ದ ಅವರ ಹೆಂಡತಿಯ ದನಿ ಬಂತು.

"ಈ ಬುದ್ಧಿ ಅವತ್ತ ನಮ್ಮಪ್ಪಗ ಯಾಕ ಬರ್ಲಿಲ್ಲೋ ಏನೋ."