ಪುಸ್ತಕದ ಬೈಂಡಿನ ಮೇಲೊಂದು ಅಂತರರಾಷ್ಟ್ರೀಯ ಶಂಕೆ

ಪಾಶ್ಚಾತ್ಯ ರಾಷ್ಟ್ರಗಳ ಗುಪ್ತಚರ ಮಹಾಶಯರೇ, ಮಕ್ಕಳ ಪುಸ್ತಕಗಳ ಬೈಂಡು ನೋಡಿ ಅಜ್ಜಂಪುರದ ಗಣಿತದ ಟೀಚರೊಬ್ಬರ ಬದುಕಿಗೆ ಅಡ್ಡಗಾಲು ಹಾಕಿದವರು ನೀವು ಎಂಬುದು ನನ್ನ ಆರೋಪ. ಓದುಗ ಮಿತ್ರರು ನಗಬಹುದು. ಕಡೂರಿನಲ್ಲಿ ಕುಳಿತು ಜಗತ್ತಿನ ಬೇಹುಗಾರರನ್ನು ಕಟಕಟೆಗೆ ಕರೆಯುವ ನನ್ನ ಬಳಿ ರಾಜ್ಯಶಾಸ್ತ್ರದ ಸ್ನಾತಕೋತ್ತರ ಪದವಿಯ ಹೊರತು ಬೇರಾವ ಆಯುಧವೂ ಇಲ್ಲ. ಆ ಪದವಿಗೆ ಮಣಿದು ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರೂ ಇಲ್ಲ.

ಜೂನ್ ಬಂತೆಂದರೆ ಪುಸ್ತಕಕ್ಕೆ ಬೈಂಡು ಹಾಕುವುದು ನಮ್ಮ ಸೀಮೆಯಲ್ಲಿ ಒಂದು ಸಣ್ಣ ವ್ರತ. ದಿನಪತ್ರಿಕೆಯ ಹಾಳೆ ದಸರೆಯೊಳಗೆ ಹರಿದುಹೋಗುತ್ತದೆ. ಶೀತಲ ಸಮರದ ಆ ಕಾಲದಲ್ಲಿ ರಷ್ಯದಿಂದ ಅಗ್ಗದ ಚಂದಾಗೆ ಬರುತ್ತಿದ್ದ ಸಚಿತ್ರ ಪತ್ರಿಕೆಯ ಹಾಳೆಯಾದರೋ ದಪ್ಪ, ನುಣುಪು, ಎಣ್ಣೆಗೈಗೂ ಅಂಜದು. ಆ ಗಣಿತದ ಟೀಚರು, ಅಂದರೆ ನನ್ನ ಸೋದರತ್ತೆ ಸರೋಜಮ್ಮ, ಅದರ ಚಂದಾದಾರರಾದದ್ದು ಈ ಘನೋದ್ದೇಶಕ್ಕಾಗಿಯೇ. ಅದರಲ್ಲೇನು ಬರೆದಿತ್ತೆಂದು ಕೇಳಿದರೆ, "ಓದೋಕೆಲ್ಲಿ ಬಿಡ್ತಿದ್ರೇ? ಬಂದ ದಿನವೇ ಹುಡುಗ್ರು ಪಿನ್ನು ಕಿತ್ತು ಹಂಚ್ಕೊಂಬಿಡೋರು" ಎನ್ನುತ್ತಾರೆ. ಹೀಗೆ ಒಂದಿಡೀ ತರಗತಿಯ ಗಣಿತದ ಪುಸ್ತಕಗಳ ಮೇಲೆ ಟ್ರ್ಯಾಕ್ಟರುಗಳೂ, ಗೋಧಿಯ ಸಿವುಡು ಹಿಡಿದ ಕೆಂಪು ಕೆನ್ನೆಯ ಯುವತಿಯರೂ ಕಂಗೊಳಿಸತೊಡಗಿದರು.

ಒಮ್ಮೆ ಆ ತರಗತಿಯ ಕೋಣೆಗೆ ಪಾಶ್ಚಾತ್ಯ ದೇಶವೊಂದರ ಶಿಕ್ಷಣತಜ್ಞ ಭೇಟಿಯಿತ್ತ. ಅವನ ದೇಶದಲ್ಲಿ ಗಣಿತಬೋಧನೆಯ ತರಬೇತಿಗೆ ಅತ್ತೆ ಆಗಲೇ ಆಯ್ಕೆಯಾಗಿದ್ದರು. ಆತ ಬೈಂಡುಗಳನ್ನು ದಿಟ್ಟಿಸಿ ಕಾರಣ ಕೇಳಿದ. ಅತ್ತೆ, "ಕಾಗದ ಗಟ್ಟಿ, ಸಾರ್" ಎಂದರು. ಇಷ್ಟು ನಿರ್ಮಲವಾದ ಸತ್ಯ ಬೇಹುಗಾರಿಕೆಯ ಇತಿಹಾಸದಲ್ಲಿ ಯಾರ ಕಿವಿಗೂ ಬಿದ್ದಿರಲಾರದು. ವೀಸಾ ಸಿಗಲಿಲ್ಲ. ಮರುವರ್ಷ ಬೇರೊಂದು ದೇಶಕ್ಕೆ ಅರ್ಜಿ ಹಾಕಿದಾಗ, ಅಜ್ಜಂಪುರವನ್ನು ಭೂಪಟದಲ್ಲೂ ಕಂಡಿರದ ಅಲ್ಲಿನ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ: ಮಕ್ಕಳ ಪುಸ್ತಕಗಳಿಗೆ ರಷ್ಯದ ಚಿತ್ರಗಳನ್ನೇಕೆ ಹೊದಿಸಿದಿರಿ? ಆ ಬಾಗಿಲೂ ಮುಚ್ಚಿತು.

ಯಾರದೇ ಏಳಿಗೆ ತಪ್ಪಿದರೂ ಮೂಗರ್ಜಿ, ಅಂದರೆ ಹೆಸರಿಲ್ಲದ ದೂರು, ಬರೆದವರನ್ನು ಹುಡುಕುವುದು ನಮ್ಮ ಕಡೆಯ ರೂಢಿ. ಎರಡನೆಯ ಅರ್ಜಿಯ ವಿಷಯ ಗೊತ್ತಿದ್ದದ್ದು ಗೆಳತಿ ಕಮಲಮ್ಮ ಟೀಚರಿಗೆ ಮಾತ್ರ. ಅತ್ತೆಯ ಅನುಮಾನ ಅವರ ಮೇಲೆಯೇ ಬಿತ್ತು; ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಈಗ ಅತ್ತೆ ತರೀಕೆರೆಯಲ್ಲಿ, ಕಮಲಮ್ಮ ಕಡೂರಿನಲ್ಲಿ ಮುಪ್ಪಾಗುತ್ತಿದ್ದಾರೆ. ನಡುವೆ ಬೀರೂರು ಜಂಕ್ಷನ್ನಿನಷ್ಟೇ ಅಂತರ.

ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಬೇರೆ. ಕಮ್ಯುನಿಸ್ಟ್ ಪ್ರಭಾವವನ್ನು ತಡೆಯುವ ಹೆಸರಿನಲ್ಲಿ ನಿಮ್ಮ ಸಂಸ್ಥೆಗಳು ಶಂಕಿತರ ಮಾಹಿತಿಯನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದವು. ಇದನ್ನು ಹೇಳಿದಾಗ ಅತ್ತೆ ಕಾಯಿ ತುರಿಯುವುದನ್ನು ನಿಲ್ಲಿಸಿದರು. "ಲೇ, ಅದು ನಿನ್ನ ಪುಸ್ತಕದ ಮಾತು ಕಣೇ. ಆ ಸರ್ಕಾರದವ್ರ ಬಾಯಲ್ಲೇ ಬರ್ಲಿ. ಬಂದ್ರೆ ಮಾರನೇ ದಿನವೇ ಕಡೂರಿಗೆ ಹೋಗ್ತೀನಿ. ಕಮಲಿ ಬಾಗಿಲು ತೆಗೀದಿದ್ರೆ ಜಗಲಿ ಮೇಲೇ ಕೂತ್ಕೋತೀನಿ."

ಸಹಕಾರವೆಂದರೇನೆಂದು ನಮಗೂ ಗೊತ್ತು, ಸ್ವಾಮಿ. ನಮ್ಮೂರ ಹಾಲಿನ ಸೊಸೈಟಿಯಲ್ಲಿ ಯಾರ ಹಾಲಿಗೆ ನೀರು ಬೆರೆತಿದೆಯೆಂಬ ಅನುಮಾನ ಬಂದರೂ ಅವರೆದುರಿಗೇ ಮಾಪಕ ಮುಳುಗಿಸಿ ನೋಡುತ್ತಾರೆ. ಅವರ ವಾದವನ್ನೂ, ಬೈಗುಳವನ್ನೂ ಕೇಳಿಸಿಕೊಳ್ಳುತ್ತಾರೆ. ನಿಮ್ಮ ಸಹಕಾರದಲ್ಲಿ ಶಂಕೆಗೆ ಗಡಿಗಳೇ ಇರಲಿಲ್ಲ, ಉತ್ತರಕ್ಕೆ ಮಾತ್ರ ಪಾಸ್‌ಪೋರ್ಟ್ ಸಿಗಲಿಲ್ಲ. "ಕಾಗದ ಗಟ್ಟಿ" ಎಂಬ ಎರಡು ಪದಗಳನ್ನು ಹೊತ್ತೊಯ್ಯಲಾರದಷ್ಟು ನಿಮ್ಮ ಬೇಹುಗಾರರು ಬಡಕಲಾಗಿದ್ದರೇ? ನನ್ನ ಬಳಿ ದಾಖಲೆಯಿಲ್ಲ, ನಿಜ. ದಾಖಲೆಗಳಿರುವುದು ನಿಮ್ಮ ಬಳಿ. ನನ್ನ ಊಹೆ ತಪ್ಪಾಗಿದ್ದರೆ ಅದನ್ನೂ ನೀವೇ ಹೇಳಬೇಕು.

ಆದಕಾರಣ ಸಂಬಂಧಪಟ್ಟ ಎರಡೂ ಸರ್ಕಾರಗಳಲ್ಲಿ ನನ್ನ ವಿಧ್ಯುಕ್ತ ಕೋರಿಕೆ ಇದು: ಸರೋಜಮ್ಮನವರ ಮೇಲಿನ ಶಂಕೆ ನಿಮ್ಮೊಳಗೆ ಯಾರಿಂದ ಯಾರಿಗೆ ಹೋಯಿತೆಂಬುದನ್ನು ಲಿಖಿತವಾಗಿ ತಿಳಿಸಿ, ಅದನ್ನು ಅವರ ಹೆಸರಿನಿಂದ ತೊಡೆದುಹಾಕತಕ್ಕದ್ದು ಮತ್ತು ಗೆಳತಿಯರಿಬ್ಬರ ವಯಸ್ಸನ್ನೂ ಪರಿಗಣಿಸಿ, ವಿಳಂಬವಿಲ್ಲದೆ, ಆ ಉತ್ತರದ ಒಂದು ಪ್ರತಿಯನ್ನು ಕಡೂರಿನ ಕಮಲಮ್ಮ ಟೀಚರವರಿಗೂ ಕಳುಹಿಸಿಕೊಡತಕ್ಕದ್ದು.