ಅರ್ಧ ಸೋರೆಕಾಯಿ

ಆ ಬೆಳಿಗ್ಗೆ ನನ್ನ ಹೆಂಡತಿ ರಸ ಕುಡಿದ ಲೋಟ ನನ್ನ ನೆನಪಿನಲ್ಲಿ ಗಾಜಿನದು; ಹಾಗಿದ್ದರೆ ನಾನು ಮುಂದೆ ಹೇಳುವುದು ಯಾವುದನ್ನೂ ನಂಬುವಂತಿಲ್ಲ. ನಮ್ಮ ಮನೆಯ ಗಾಜಿನ ಲೋಟಗಳೆಲ್ಲ ಅಷ್ಟು ಹೊತ್ತಿಗೆ ಒಡೆದುಹೋಗಿದ್ದವು. ರಸ ಕುಡಿಯುತ್ತಿದ್ದದ್ದು ಸ್ಟೀಲ್ ಲೋಟದಲ್ಲಿ. ಸ್ಟೀಲ್ ಲೋಟದೊಳಗಿನ ಬಣ್ಣ ಎದುರು ಕೂತವನಿಗೆ ಕಾಣುವುದಿಲ್ಲ. ನನಗೆ ಮಾತ್ರ ಬಣ್ಣ ನೆನಪಿದೆ: ತಿಳಿ ಹಸಿರು, ಮೇಲೆ ಬೆರಳಗಲ ನೊರೆ, ಆಚೆ ಕಡೆ ಅವಳ ಬೆರಳುಗಳು. ಇದನ್ನು ನಾನು ಆಮೇಲೆ ಯಾವಾಗಲೋ ಸೇರಿಸಿಕೊಂಡಿರಬೇಕು. ಇನ್ನೇನೇನು ಸೇರಿಸಿಕೊಂಡಿದ್ದೇನೋ.

ಅನುಮಾನವಿಲ್ಲದ್ದನ್ನು ಮೊದಲು ಬರೆದುಬಿಡುತ್ತೇನೆ. ಅಮೃತಹಳ್ಳಿಯ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ ಇದ್ದೆವು. ಒಂದು ಬೆಳಿಗ್ಗೆ ನಾನು ಅವಳಿಗೆ ಸೋರೆಕಾಯಿ ರಸ ಮಾಡಿಕೊಟ್ಟೆ. ಮೂರನೆಯ ದಿನ ಅವಳು ಆಸ್ಪತ್ರೆಯಲ್ಲಿ ತೀರಿಕೊಂಡಳು.

ನಮ್ಮ ಬೀದಿಗೆಲ್ಲ ಅವಳೇ ವೈದ್ಯೆ. ಮಗುವಿಗೆ ಕೆಮ್ಮು ಅಂತ ಬಂದವರಿಗೆ ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ ಜೇನು ಬೆರೆಸಿ ಕೊಡುವಳು. ಮೈ ಉಷ್ಣ ಅಂದವರಿಗೆ ನೆನೆಸಿದ ಕಾಮಕಸ್ತೂರಿ ಬೀಜ, ಬಾಯಿಹುಣ್ಣಿಗೆ ಒಣಕೊಬ್ಬರಿ ಗಸಗಸೆ, ಹೊಟ್ಟೆ ಕಟ್ಟಿದವರಿಗೆ ಒಣದ್ರಾಕ್ಷಿ. ಏನೂ ಇಲ್ಲದವರಿಗೂ ರಾಗಿ ಅಂಬಲಿ. "ಮೂರು ದಿನಕ್ಕೆ ಇಳೀಲಿಲ್ಲ ಅಂದ್ರೆ ಸುಮ್ನೆ ಡಾಕ್ಟ್ರ ಹತ್ರ ಹೋಗಿ, ನನ್ನ ತಲೆ ತಿನ್ಬೇಡಿ" ಅನ್ನುವುದನ್ನೂ ತಪ್ಪದೆ ಸೇರಿಸುವಳು. ನಾನು ಕಾಫಿ ಲೋಟ ಹಿಡಿದು ಗೇಲಿ ಮಾಡುತ್ತಿದ್ದೆ. "ಬಾಗಿಲಿಗೆ ಒಂದು ಬೋರ್ಡ್ ಹಾಕಿಸ್ಲಾ?" "ಹಾಕ್ಸಿ. ಕಾಂಪೌಂಡರ್ ಅಂತ ಕೆಳಗೆ ನಿಮ್ ಹೆಸರು ಬರೆಸಿ."

ನಿವೃತ್ತಿಯಾದ ಮೇಲೆ ನಿಜಕ್ಕೂ ಕಾಂಪೌಂಡರ್ ಆದೆ. ಅವಳಿಗೆ ಬಿಪಿ, ಶುಗರ್ ಎರಡೂ ಇದ್ದವು. ಮಾತ್ರೆಯ ಜೊತೆಗೆ ದಿನಾ ಖಾಲಿ ಹೊಟ್ಟೆಗೆ ಸೋರೆಕಾಯಿ ರಸ. ಅದನ್ನು ಅರೆದು ಸೋಸುವ ಕೆಲಸ ನನಗೆ ಬಂತು. ಕಲಿಸುವಾಗ ಅವಳು ಹೇಳಿದ್ದು ಒಂದೇ ನಿಯಮ: "ಸೋರೆ, ಸೌತೆ, ಹೀರೆ, ಈ ಮೂರನ್ನೂ ನಾಲಿಗೆಗೆ ಮುಟ್ಟಿಸದೆ ಮುಂದಕ್ಕೆ ಹೋಗ್ಬಾರ್ದು ರೀ. ತೊಟ್ಟಿನ ಕಡೆ ಒಂದು ಚೂರು ಕುಯ್ದು ಬಾಯಿಗೆ ಹಾಕ್ಕೊಳ್ಳಿ. ಕಹಿ ಇದ್ರೆ ಪೂರ್ತಿ ಬಿಸಾಕಿ. ಸೋರೆ ಕಹಿ ಒಳ್ಳೇದಲ್ಲ."

ನಾನು ಹಾಗೇ ಮಾಡುತ್ತಿದ್ದೆ. ದಿನಾ ಒಂದು ಚೂರು. ಯಾವತ್ತೂ ಕಹಿ ಇರಲಿಲ್ಲ. ದಿನಾ ಮಾಡುವ ಕೆಲಸ ಮನಸ್ಸಿನಲ್ಲಿ ಉಳಿಯುವುದಿಲ್ಲ, ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುತ್ತೇವಲ್ಲ, ಹಾಗೆ.

ಆ ವಾರ ಎರಡು ಬದಲಾವಣೆ ಆಗಿದ್ದವು. ಶುಗರ್ ಇಳಿಯುತ್ತಿಲ್ಲ ಅಂತ ಅವಳು ರಸಕ್ಕೆ ಅರ್ಧ ಹಾಗಲಕಾಯಿ ಸೇರಿಸಲು ಹೇಳಿದ್ದಳು. ಹಾಗಾಗಿ ಲೋಟದಲ್ಲಿದ್ದದ್ದು ದಿನವೂ ಕಹಿಯೇ. ಇನ್ನೊಂದು, ಪಕ್ಕದ ಖಾಲಿ ಸೈಟಿನ ಸೋರೆಬಳ್ಳಿ. ಸೈಟು ನಮ್ಮ ಮನೆ ಓನರ್‌ದು. ಅವರ ತಾಯಿ, ಆ ನೆಲದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದ ಅಜ್ಜಿ, ಜಕ್ಕೂರು ಕೆರೆಯಿಂದ ವಾಕಿಂಗ್ ಮುಗಿಸಿ ಬರುತ್ತಿದ್ದ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ ಕೈಗೆ ಒಂದು ಕಾಯಿ ಕೊಟ್ಟರು.

"ತಗಳಪ್ಪಾ, ನಿನ್ನೆಂಡ್ರು ರಸ ಕುಡೀತಾಳಲ್ಲ. ನಾವು ಬಿತ್ತಿದ್ದಲ್ಲ, ತಾನಾಗೇ ಉಟ್ಟೈತೆ. ಔಸ್ದಿ ಗಿವ್ಸ್ದಿ ಒಂದೂ ಒಡ್ದಿಲ್ಲ."

ಹೆಂಡತಿ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ನೋಡ್ರೀ, ಇದಕ್ಕಿಂತ ಒಳ್ಳೇದು ಯಾವ ಅಂಗಡೀಲಿ ಸಿಗತ್ತೆ?"

ಮರುದಿನ ಬೆಳಿಗ್ಗೆಯ ವಿಷಯಕ್ಕೆ ಬಂದರೆ ನನ್ನ ಹತ್ತಿರ ಎರಡು ಬೆಳಿಗ್ಗೆಗಳಿವೆ. ಒಂದರಲ್ಲಿ ನಾನು ಕಾಯಿಯನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ತೊಟ್ಟಿನ ಹೋಳನ್ನು ಪೇಪರಿನಲ್ಲಿ ಸುತ್ತಿ ಫ್ರಿಡ್ಜಿಗಿಟ್ಟು, ಇನ್ನೊಂದರಿಂದ ಚೂರು ಕುಯ್ದು ಬಾಯಿಗೆ ಹಾಕಿಕೊಳ್ಳುತ್ತೇನೆ. ಸಪ್ಪೆ. ಇನ್ನೊಂದು ಬೆಳಿಗ್ಗೆಯಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತದೆ, ನಾನು ಚೂರಿ ಬಿಟ್ಟು ಓಡುತ್ತೇನೆ, ವಾಪಸ್ಸು ಬಂದವನು ನೇರ ಮಿಕ್ಸಿಗೆ ಹಾಕುತ್ತೇನೆ. ಹಾಲು ಉಕ್ಕಿದ್ದು ನಿಜ. ಯಾವ ದಿನ ಉಕ್ಕಿತು ಎಂಬುದು ತಿಳಿಯದು. ಸಪ್ಪೆಯ ರುಚಿಯೂ ನಿಜ, ಅದು ನೂರು ಬೆಳಗುಗಳ ರುಚಿ.

ಅವಳು ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಇವತ್ತು ಯಾಕೋ ಜಾಸ್ತಿ ಕಹಿ ಅಲ್ವೇನ್ರೀ?"

"ಕಹಿ ಇದ್ರೆ ತಾನೇ ಔಷಧಿ. ನಿನ್ ಡೈಲಾಗೇ ಕಣೇ, ಊರಿಗೆಲ್ಲ ಹೇಳ್ತೀಯ."

"ನನಗೇ ತಿರುಗಿಸ್ತೀರಾ, ಕಾಂಪೌಂಡರ್ರೇ," ಅಂದು ಮೂಗು ಹಿಡಿದುಕೊಂಡು ಪೂರ್ತಿ ಕುಡಿದಳು. ಈ ಮಾತು ಮಾತ್ರ ನಾನು ಕಟ್ಟಿದ್ದಲ್ಲ. ಕಟ್ಟಿದ್ದಾಗಿರಲಿ ಎಂದು ಎಷ್ಟೋ ಸಲ ಬೇಡಿಕೊಂಡಿದ್ದೇನೆ. ಲೋಟ ಅವಳ ಕೈಯಿಂದ ಕಿತ್ತುಕೊಂಡು ಒಂದು ಗುಟುಕು ನಾನು ಕುಡಿದಿದ್ದರೆ ಸಾಕಿತ್ತು. ನನ್ನ ಕೈಯಲ್ಲಿ ಕಾಫಿ ಇತ್ತು.

ಅರ್ಧ ಗಂಟೆಯೊಳಗೆ ಹೊಟ್ಟೆ ಹಿಡಿದುಕೊಂಡು ಕೂತಳು. ವಾಂತಿ. ಆಗಲೂ ಅವಳೇ ಹೇಳಿದ್ದು, "ಓಮದ ನೀರು ಕಾಯ್ಸಿ, ಸರಿಹೋಗತ್ತೆ." ಕಾಯಿಸಿದೆ. ನಿಲ್ಲಲಿಲ್ಲ. ಮಜ್ಜಿಗೆಗೆ ಇಂಗು ಹಾಕಿ ಕೊಟ್ಟೆ. ಮುಂದಿನ ವಾಂತಿಯಲ್ಲಿ ರಕ್ತ ಬಂತು. ಆಟೋದಲ್ಲಿ ಹೆಬ್ಬಾಳದ ಫ್ಲೈಓವರ್ ಹತ್ತುವ ಜಾಗದಲ್ಲಿ ಗಾಡಿಗಳು ನಿಂತುಬಿಟ್ಟಿದ್ದವು. ಅವಳ ಕೈ ತಣ್ಣಗಾಗಿತ್ತು. "ದೊಡ್ಡಪತ್ರೆ ಗಿಡಕ್ಕೆ ನೀರು ಹಾಕಿಲ್ಲ," ಅಂದಳು. ಕೊನೆಯ ಮಾತು ಇದೇ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅಲ್ಲ. ಆಮೇಲೆ ಆಸ್ಪತ್ರೆಯಲ್ಲಿ ನರ್ಸಿನ ಹತ್ತಿರ ಬಾತ್‌ರೂಮ್ ಎಲ್ಲಿ ಎಂದು ಕೇಳಿದಳು.

ಡಾಕ್ಟರು ಚಿಕ್ಕ ವಯಸ್ಸಿನವರು. ಬೆಳಿಗ್ಗೆ ಏನು ತಗೊಂಡಿದ್ದರು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು.

"ಸೋರೆಕಾಯಿ ಕಹಿ ಇತ್ತಾ?"

"ಹಾಗಲಕಾಯಿ ಸೇರಿಸಿದ್ವಿ ಡಾಕ್ಟ್ರೇ."

ಅವರ ಪೆನ್ನು ನಿಂತಿತು. "ಕಹಿ ಸೋರೆ ವಿಷ ಆಗತ್ತೆ. ಹಾಗಲ ಸೇರಿದ್ರೆ ಯಾವುದರ ಕಹಿ ಅಂತ ಗೊತ್ತಾಗಲ್ಲ," ಅಂದರು. ಬಿಪಿ ಕುಸಿದಿದೆ, ಕರುಳಿನಲ್ಲಿ ರಕ್ತಸ್ರಾವ, ಶುಗರ್ ಇರುವವರಿಗೆ ತಡೆದುಕೊಳ್ಳುವುದು ಕಷ್ಟ ಎಂದೆಲ್ಲ ವಿವರಿಸಿದರು. ಕೊನೆಗೆ ಕೊಟ್ಟ ಕಾಗದಗಳಲ್ಲಿ ಸೋರೆಕಾಯಿ ಎಂಬ ಮಾತು ಎಲ್ಲೂ ಇರಲಿಲ್ಲ.

ತಿಥಿಗೆ ಅಜ್ಜಿ ಬಂದು ಮೆಟ್ಟಿಲ ಮೇಲೆ ಕೂತು ಅತ್ತರು. "ಏನಾಗಿತ್ತಪ್ಪಾ ಆ ಮಗೀಗೆ? ಚೆನ್ನಾಗೇ ಇದ್ದಳಲ್ಲಾ."

"ಹೊಟ್ಟೆ ನೋವು ಅಜ್ಜಿ," ಅಂದೆ. ಅವರ ಮನೆಯವರು ಆ ಬಳ್ಳಿಯ ಕಾಯಿ ತಿಂದಿದ್ದರೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದರೆ ಅಜ್ಜಿಗೆ ತಿಳಿದುಬಿಡುತ್ತಿತ್ತು. ಆ ಭಾರ ಅವರ ಮೇಲೆ ಹಾಕಬಾರದೆಂದು ಸುಮ್ಮನಿದ್ದೆ ಎಂದುಕೊಳ್ಳುತ್ತೇನೆ. ನನಗೆ ಉತ್ತರ ಬೇಕಿರಲಿಲ್ಲ ಎಂಬುದೂ ಅಷ್ಟೇ ನಿಜವಿರಬಹುದು. ಮಾರನೆಯ ದಿನವೇ ನಾನು ಸೈಟಿಗೆ ಇಳಿದು ಬಳ್ಳಿಯನ್ನು ಬುಡಸಮೇತ ಕಿತ್ತೆ. ಹಸು ತಿಂದಿರಬೇಕು ಎಂದು ಅಜ್ಜಿ ಬೈದುಕೊಂಡರು.

ಫ್ರಿಡ್ಜಿನ ಕೆಳಗಿನ ಟ್ರೇನಲ್ಲಿ ಪೇಪರು ಸುತ್ತಿದ ಅರ್ಧ ಸೋರೆಕಾಯಿ ಹಾಗೇ ಇತ್ತು. ಕುಯ್ದ ಮುಖ ಕಂದಿತ್ತು, ತೊಟ್ಟಿನ ಕಡೆ ಇನ್ನೂ ಗಟ್ಟಿ. ಚೂರಿ ತಗೊಂಡೆ, ಒಂದು ಚೂರು ಕುಯ್ದೆ. ನಾಲಿಗೆಗೆ ಮುಟ್ಟಿಸಿ ಉಗುಳಿದರೆ ಮುಗಿಯುತ್ತಿತ್ತು. ಕೆಳಗೆ ಕಸದ ಆಟೋ ಬಂದು ಹಾಡು ಹಾಕಿತು. ಚೂರನ್ನೂ ಕಾಯಿಯನ್ನೂ ಹಸಿ ಕಸದ ಬಕೆಟ್ಟಿಗೆ ಹಾಕಿ, ಮೆಟ್ಟಿಲಿಳಿದು ಕೊಟ್ಟು ಬಂದೆ.

ಈಗಲೂ ಯಾರಾದರೂ ಬಾಗಿಲು ತಟ್ಟಿ ದೊಡ್ಡಪತ್ರೆ ಕೇಳುತ್ತಾರೆ. ಕುಂಡ ತೋರಿಸುತ್ತೇನೆ, ಅವರೇ ಕಿತ್ತುಕೊಳ್ಳುತ್ತಾರೆ. ಎಷ್ಟು ಎಲೆ, ಎಷ್ಟು ಜೇನು ಎಂದು ಕೇಳಿದರೆ ಮರೆತುಹೋಗಿದೆ ಎನ್ನುತ್ತೇನೆ. ಅದು ಮರೆತಿಲ್ಲ. ಆ ಬೆಳಿಗ್ಗೆ ನಾನು ಚೂರು ಬಾಯಿಗೆ ಹಾಕಿಕೊಂಡೆನೋ ಇಲ್ಲವೋ, ಕಾಯಿ ಕಹಿ ಇತ್ತೋ ಇಲ್ಲವೋ, ಅದು ನನಗೆ ಗೊತ್ತಿಲ್ಲ.